ಹಿಂದಡಿ ಅತ್ತೆಯ ಇಪ್ಪತ್ತೆರಡು ದಿನ

ಎಲ್ಲರೂ ಬೆನ್ನು ತೋರಿಸಿ ದೂರ ಹೋಗುತ್ತಾರೆ. ಅತ್ತೆ ಮಾತ್ರ ಮುಖ ತೋರಿಸುತ್ತಲೇ ದೂರ ಹೋಗುತ್ತಿದ್ದಳು. ಸೊಂಟಕ್ಕೆ ನಾರಿನ ಹೊರೆ ಸುತ್ತಿಕೊಂಡು, ಅದರಿಂದ ಒಂದು ಎಳೆ ತೆಗೆದು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಲ್ಲಿ ನಾರು ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುವಳು. ರಾಟೆ ತಿರುಗಿದ ಹಾಗೆಲ್ಲ ನಾರಿಗೆ ಹುರಿ ಏರುವುದು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ನೂರ ಹದಿನೆಂಟು ಹೆಜ್ಜೆ. ರಾಟೆಯ ಹಿಡಿ ತಿರುಗಿಸುತ್ತಾ ಕೂತ ಏಳು ವರ್ಷದ ಹುಡುಗಿಗೆ ಅತ್ತೆ ಮೊದಲು ಅತ್ತೆಯಷ್ಟೇ ಇದ್ದು, ಆಮೇಲೆ ಪಕ್ಕದ ಮನೆ ಅಕ್ಕನಷ್ಟಾಗಿ, ಆಮೇಲೆ ತನ್ನಷ್ಟೇ ಆಗಿ, ಕೊನೆಗೆ ಕೈಯಲ್ಲಿ ಹಿಡಿದು ಆಡಿಸಬಹುದಾದ ಗೊಂಬೆಯಷ್ಟಾಗುತ್ತಿದ್ದಳು. ಆ ಗೊಂಬೆ ತನ್ನನ್ನೇ ನೋಡುತ್ತಿತ್ತು. "ಕೈ ನಿಲ್ಲಿಸಬೇಡ್ವೇ ಕಿಡಿ" ಎಂದು ಅಲ್ಲಿಂದ ಬರುವ ದನಿ ಮಾತ್ರ ಚೂರೂ ಚಿಕ್ಕದಾಗುತ್ತಿರಲಿಲ್ಲ.

ಆ ಹುಡುಗಿಗೆ ಈಗ ಐವತ್ತೆರಡು. ಕಿಡಿ ಎನ್ನುವುದು ಅಪ್ಪನ ಒಡಹುಟ್ಟಿದವಳಾದ ಈ ಅತ್ತೆ ಇಟ್ಟ ಹೆಸರು, ಸಿಟ್ಟು ಮೂಗಿನ ತುದಿಯಲ್ಲೇ ಇರುವುದಕ್ಕೆ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಹನ್ನೊಂದು ಜನರನ್ನು ನೋಡಿಕೊಳ್ಳುವವಳಿಗೆ ಆ ಸಿಟ್ಟು ದಿನವೂ ಉಪಯೋಗಕ್ಕೆ ಬರುತ್ತದೆ. ಇವತ್ತು ರಜೆ ಹಾಕಿ ಬಂದಿದ್ದಾಳೆ. ಅತ್ತೆ ತೀರಿಕೊಂಡು ಮೂರು ವಾರವಾಯಿತು. ಸಂಜೆಯೊಳಗೆ ಶೆಡ್ಡು ಖಾಲಿ ಮಾಡಿ ಬೀಗದ ಕೈ ಕೊಡಬೇಕು.

ಬೆಳಗಿನಿಂದ ಅವಳು ಮಾಡಿದ ಕೆಲಸ ಹೆಚ್ಚೇನಿಲ್ಲ. ತಗಡಿನ ಸೂರಿನ ತೂತುಗಳಿಂದ ಬಿಸಿಲು ಕಾಸಿನ ಹಾಗೆ ನೆಲದ ಮೇಲೆ ಬಿದ್ದಿತ್ತು. ಅರವತ್ತು ವರ್ಷದ ನಾರಿನ ಧೂಳು ಆ ಬೆಳಕಿನೊಳಗೆ ಏಳುತ್ತಿತ್ತು, ಇಳಿಯುತ್ತಿತ್ತು, ಯಾವ ಅವಸರವೂ ಇಲ್ಲದೆ. ನೆಲದ ನಟ್ಟನಡುವೆ ಒಂದು ಕಾಲುದಾರಿ ಸವೆದಿತ್ತು. ಸಿಮೆಂಟಿನ ನೆಲ ಸವೆಯಬೇಕಾದರೆ ಎಷ್ಟು ನಡೆದಿರಬೇಕು. ಕಿಡಿ ಚಪ್ಪಲಿ ಕಳಚಿ ಆ ದಾರಿಯ ಮೇಲೆ ಕಾಲಿಟ್ಟಳು. ತಣ್ಣಗಿತ್ತು, ನುಣ್ಣಗಿತ್ತು, ಹೊಳೆಯೊಳಗಿನ ಕಲ್ಲಿನ ಹಾಗೆ. ಎರಡು ಹೆಜ್ಜೆ ಹಿಂದಕ್ಕೆ ನಡೆದಳು. ಮೂರನೆಯದಕ್ಕೆ ಭಯವಾಗಿ ತಿರುಗಿ ನೋಡಿದಳು. ಹಿಂದೆ ಏನೂ ಇರಲಿಲ್ಲ, ಗೋಡೆ ಇನ್ನೂ ನೂರು ಹೆಜ್ಜೆ ದೂರದಲ್ಲಿತ್ತು.

"ಏನು ಆಟ ಆಡ್ತಿದೀಯ?"

ಬಾಗಿಲಲ್ಲಿ ಅಣ್ಣ. ಹೆಡ್‌ಮಾಸ್ಟರಾಗಿ ನಿವೃತ್ತನಾದವನು, ಇನ್ನೂ ಮಾತಾಡುವಾಗ ತೋರುಬೆರಳು ಎತ್ತುತ್ತಾನೆ.

"ಗಾಡಿ ಮೂರು ಗಂಟೆಗೆ ಬರುತ್ತಂತೆ. ರಾಟೆ ಒಂದು ಬಿಟ್ಟು ಬೇರೆಲ್ಲ ಗುಜರಿಗೆ" ಎಂದ. ಆಮೇಲೆ ಆ ತುದಿಯ ಗೋಡೆ ಕಡೆ ನೋಡಿದ. ಅತ್ತೆ ಸಿಕ್ಕಿದ್ದು ಅಲ್ಲೇ. ಗೋಡೆಗೆ ಒರಗಿ, ಕಾಲು ಚಾಚಿ, ಸೊಂಟದಲ್ಲಿ ಅರ್ಧ ಖರ್ಚಾದ ನಾರಿನ ಹೊರೆ. ಈ ತುದಿಯಲ್ಲಿ ರಾಟೆಯ ಮೋಟಾರು ತಿರುಗುತ್ತಲೇ ಇತ್ತಂತೆ.

"ನೀನು ಅವತ್ತು ನಿನ್ನ ಮನೆಯಿಂದ ಕಳಿಸದೇ ಇದ್ದಿದ್ರೆ ಇನ್ನೂ ನಾಲ್ಕು ವರ್ಷ ಇರ್ತಿದ್ಲು" ಎಂದ ಅಣ್ಣ.

"ನಾನು ಕಳಿಸಲಿಲ್ಲ. ಅವಳೇ ಹೋದಳು."

"ಎಂಬತ್ನಾಲ್ಕರ ಮುದುಕಿ ಅವಳಾಗೇ ಹೋದ್ರೆ ಹೋಗು ಅಂತ ಬಿಟ್ಟುಬಿಡೋದಾ? ನೋಡಿದವರು ಕೇಳ್ತಾರೆ ಕಣೇ. ಏನು ಹೇಳ್ಲಿ?"

"ನಿನ್ನ ಮನೇಲೂ ಒಂದು ರೂಮು ಖಾಲಿ ಇತ್ತು ಅಂತ ಹೇಳು."

ಅಣ್ಣನ ಬೆರಳು ಅರ್ಧಕ್ಕೆ ಇಳಿಯಿತು. ಅವನು ಗೊಣಗುತ್ತಾ ಹೊರಗೆ ಹೋದ. ಕಿಡಿ ಗೆದ್ದಳು, ಆದರೆ ಆ ಗೆಲುವು ಬಾಯಲ್ಲಿ ಕಹಿಯಾಗಿತ್ತು. ಯಾಕೆಂದರೆ ಅವಳೇ ಹೋದಳು ಎನ್ನುವುದು ಸುಳ್ಳು. ಹನ್ನೊಂದು ತಿಂಗಳಿನಿಂದ ಎಲ್ಲರಿಗೂ ಹೇಳಿಕೊಂಡು ಬಂದ ಸುಳ್ಳು. ಅತ್ತೆಯನ್ನು ಕಿಡಿ ಬೈದು ಓಡಿಸಿದ್ದಳು. ಎಂತಹ ಮಾತು ಆಡಿ ಓಡಿಸಿದ್ದಳೆಂಬುದು ಇಬ್ಬರಿಗೇ ಗೊತ್ತಿತ್ತು, ಅವರಲ್ಲಿ ಒಬ್ಬಳು ಈಗ ಇಲ್ಲ. ಆ ಮಾತು ಹೊತ್ತುಕೊಂಡೇ ಅತ್ತೆ ಸತ್ತಳೋ ಹೇಗೆ? ದಿಂಬಿಗೆ ತಲೆ ಕೊಟ್ಟರೆ ಇದೊಂದೇ ಯೋಚನೆ. ಇಪ್ಪತ್ತೊಂದು ದಿನದಿಂದ ಅವಳಿಗೆ ಊಟ ರುಚಿಸಿಲ್ಲ.

ಅತ್ತೆಗೆ ಮದುವೆಯಾದದ್ದು ಇಪ್ಪತ್ತಕ್ಕೆ. ಗಂಡ ಎನ್ನಿಸಿಕೊಂಡವನು ಎರಡೇ ವರ್ಷದಲ್ಲಿ ಇನ್ನೊಂದು ಊರಿನಲ್ಲಿ ಇನ್ನೊಂದು ಮನೆ ಮಾಡಿದ. ತವರಿನವರು ಬಾ ಎಂದರು. "ಬಂದ್ರೆ ಅಡುಗೆಮನೆ ಮೂಲೆ ಕೊಡ್ತೀರಿ. ನನಗೆ ಉದ್ದನೆ ಜಾಗ ಬೇಕು" ಎಂದಳಂತೆ ಅತ್ತೆ. ಆ ಕಾಲದಲ್ಲಿ ಈ ಶೆಡ್ಡು ಒಬ್ಬ ಹಗ್ಗದ ತಾತನದು. ಅವನ ಮಂಡಿ ಹೋಗಿತ್ತು, ರಾಟೆ ತಿರುಗಿಸುತ್ತಿದ್ದನೇ ಹೊರತು ನಡೆಯಲು ಆಗುತ್ತಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದ್ದಳು, ನಡುವೆ ಹಿಂದೆ ತಿರುಗಿ ನೋಡಬಹುದಾ ಎಂದು. ನೋಡಿದ ಕಡೆ ಎಳೆ ತೆಳ್ಳಗಾಗುತ್ತೆ ಎಂದ ತಾತ. ಅವತ್ತಿನಿಂದ ಅವಳು ನೋಡಲಿಲ್ಲ.

ಒಂದು ಎಳೆಗೆ ಒಂದು ನಡಿಗೆ. ಮೂರು ಎಳೆ ಸೇರಿಸಿ ಎದುರು ದಿಕ್ಕಿಗೆ ತಿರುಚಿದರೆ ಹಗ್ಗ. ಎಳೆಗೆ ಹುರಿ ಕಡಿಮೆಯಾದರೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಸಾಕಷ್ಟು ಹುರಿ ಏರಿದ ಎಳೆಯನ್ನು ಒಂಚೂರು ಸಡಿಲ ಬಿಟ್ಟರೆ ಸಾಕು, ಯಾರೂ ಮುಟ್ಟದಿದ್ದರೂ ತನಗೆ ತಾನೇ ಗಿರ್ರನೆ ತಿರುಗಿ ಸುತ್ತಿಕೊಳ್ಳುತ್ತದೆ. ಆ ಗಳಿಗೆ ಯಾವಾಗ ಬರುತ್ತದೆಂದು ಬೆರಳಿಗೆ ಗೊತ್ತಾಗಬೇಕು. ಅತ್ತೆಯ ಬೆರಳಿಗೆ ಗೊತ್ತಿತ್ತು. ತಾತ ಹೋದ ಮೇಲೆ ಅವಳೇ ಬಾಡಿಗೆ ಕಟ್ಟಿಕೊಂಡು ಶೆಡ್ಡು ಉಳಿಸಿಕೊಂಡಳು. ಒಂದು ಮೂಲೆಯಲ್ಲಿ ಒಲೆ, ಮಂಚ, ಕನ್ನಡಿ. ಬೀದಿಯವರು ಹಿಂದಡಿ ಅತ್ತೆ ಎಂದು ಕರೆದರು. ಅವಳ ಚಪ್ಪಲಿ ಬೇರೆಯವರ ಹಾಗೆ ಹಿಮ್ಮಡಿಯಲ್ಲಿ ಸವೆಯುತ್ತಿರಲಿಲ್ಲ, ಬೆರಳ ಕಡೆ ಸವೆಯುತ್ತಿತ್ತು. ಚಪ್ಪಲಿ ಹೊಲಿಯುವವನು ಅದನ್ನು ನೋಡಿಯೇ ಇದು ಯಾರದೆಂದು ಹೇಳುತ್ತಿದ್ದ.

ಒಮ್ಮೆ ಅಣ್ಣ ಕಾಗದ ಪೆನ್ಸಿಲ್ಲು ತೆಗೆದುಕೊಂಡು ಕೂತು, ದಿನಕ್ಕಿಷ್ಟು ನಡಿಗೆ, ವರ್ಷಕ್ಕಿಷ್ಟು ಎಂದು ಗುಣಿಸಿ ಹೇಳಿದ್ದ. "ಅತ್ತೆ, ನೀನು ಹಿಂದೆ ಹಿಂದೆ ನಡೆದೇ ಭೂಮಿಗೆ ಒಂದು ಸುತ್ತು ಬರೋಕೆ ಸ್ವಲ್ಪ ಕಮ್ಮಿ ಆಗಿದೆ ಅಷ್ಟೇ."

"ಕಮ್ಮಿನಾ?" ಎಂದಳು ಅತ್ತೆ. "ಹಾಗಾದ್ರೆ ಇನ್ನೂ ಸ್ವಲ್ಪ ದಿನ ಇರ್ಬೇಕು ಬಿಡು."

ನೆಂಟರ ಮನೆಗೆ ಬಂದರೆ ಕುರ್ಚಿಯ ಅಂಚಿನಲ್ಲಿ ಕೂರುವಳು, ಬಸ್ಸು ಈಗಲೋ ಆಗಲೋ ಬರುವ ಹಾಗೆ. ಜ್ವರ ಬಂದರೆ ಯಾರಿಗೂ ಹೇಳುತ್ತಿರಲಿಲ್ಲ, ಬಿಟ್ಟ ಮೇಲೆ ಹೇಳುವಳು. ರಾಟೆ ತಿರುಗಿಸುವವರು ಸಿಗದ ಕಾಲ ಬಂದಾಗ ಹಳೇ ಹೊಲಿಗೆ ಯಂತ್ರದ ಮೋಟಾರೊಂದನ್ನು ರಾಟೆಗೆ ಕೂರಿಸಿಕೊಂಡಳು. ಅದರ ಸ್ವಿಚ್ಚಿಗೆ ಒಂದು ಉದ್ದನೆಯ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅದನ್ನು ಎಳೆದು ತನಗೆ ಬೇಕಾದಾಗ ನಿಲ್ಲಿಸುವಳು. ಯಾರ ಹಂಗೂ ಇಲ್ಲ.

ಎಡವಟ್ಟಾದದ್ದು ಹೋದ ವರ್ಷ.

ಅವತ್ತು ಆಸ್ಪತ್ರೆಯ ಬಾಯ್ಲರು ಕೆಟ್ಟು ಕಿಡಿಗೆ ಮಧ್ಯಾಹ್ನವೇ ಬಿಡುವಾಯಿತು. ಅತ್ತೆಯನ್ನು ನೋಡಿಕೊಂಡು ಹೋಗೋಣವೆಂದು ಹೇಳದೆ ಕೇಳದೆ ಬಂದಳು. ಶೆಡ್ಡಿನ ಬಾಗಿಲು ಓರೆಯಾಗಿತ್ತು. ಕಿಡಿ ಇಣುಕಿದಳು. ಅತ್ತೆ ಸ್ಟೂಲಿನ ಮೇಲೆ ನಿಂತಿದ್ದಳು. ತೊಲೆಯಿಂದ ಹೊಸ ಹಗ್ಗ ಇಳಿಬಿದ್ದಿತ್ತು. ಅದರ ತುದಿಗೆ ಅತ್ತೆ ಕುಣಿಕೆ ಹಾಕುತ್ತಿದ್ದಳು.

ಕಿಡಿ ಕೂಗಲಿಲ್ಲ. ಓಡಿಹೋಗಿ ಅತ್ತೆಯ ಎರಡೂ ಕಾಲು ತಬ್ಬಿ ಹಿಡಿದಳು. ಸ್ಟೂಲು ಉರುಳಿತು, ಇಬ್ಬರೂ ಬಿದ್ದರು, ಪಕ್ಕದಲ್ಲಿದ್ದ ಟೀ ಲೋಟ ಎತ್ತಲೋ ಹಾರಿತು.

"ಟೀ ಚೆಲ್ಲಿಬಿಟ್ಟೆಯಲ್ಲೇ ದರಿದ್ರದವಳೇ" ಎಂದಳು ಅತ್ತೆ ನೆಲದಿಂದಲೇ.

"ಏನು ಮಾಡ್ಕೊಳ್ಳೋಕೆ ಹೊರಟಿದ್ದೆ ಅತ್ತೆ? ನಾವೆಲ್ಲ ಸತ್ತುಹೋಗಿದ್ವಾ?"

"ಹಗ್ಗ ಪರೀಕ್ಷೆ ಮಾಡ್ತಿದ್ದೆ. ಪೇಂಟರ್ ನಾಳೆ ಬರ್ತಾನೆ ಒಯ್ಯೋಕೆ. ಒಂಬತ್ತನೇ ಮಾಳಿಗೆಯಿಂದ ಇದರಲ್ಲಿ ನೇತಾಡ್ಬೇಕು ಅವನು."

ಅದು ನಿಜವೇ ಆಗಿತ್ತು. ಕಿಡಿ ಹುಡುಗಿಯಾಗಿದ್ದಾಗ ಹಗ್ಗಕ್ಕೆ ಮರಳಿನ ಚೀಲ ಕಟ್ಟಿ ತೂಗುಬಿಡುತ್ತಿದ್ದರು, ಅದಕ್ಕೆ ಎರಡು ಆಳು ಬೇಕಿತ್ತು. "ಈಗ ಚೀಲ ಎತ್ತೋಕೆ ಯಾರಿದಾರೆ? ನಾನೇ ಚೀಲ ಆದೆ" ಎಂದಳು ಅತ್ತೆ. ಕುಣಿಕೆಗೆ ಒಂದು ಹಲಗೆ ಸಿಕ್ಕಿಸಿ, ಮಡಿಲಲ್ಲಿ ಎರಡು ಇಟ್ಟಿಗೆ ಇಟ್ಟುಕೊಂಡು, ಅದರ ಮೇಲೆ ಕೂತು ಮೇಲೆ ಕೆಳಗೆ ಕುಪ್ಪಳಿಸಿ, ಆಮೇಲೆ ಒಂದು ಲೋಟ ಟೀ ಮುಗಿಯುವ ತನಕ ತೂಗಾಡಿ, ಆಗಲೇ ಅವಳು ಹಗ್ಗವನ್ನು ಗಿರಾಕಿಗೆ ಕೊಡುತ್ತಿದ್ದುದು. ವರ್ಷಗಳಿಂದ ಹೀಗೇ. ಬೀದಿಗೆಲ್ಲ ಗೊತ್ತಿತ್ತು, ಮನೆಯವರಿಗೆ ಗೊತ್ತಿರಲಿಲ್ಲ.

ಕಿಡಿ ನಂಬಲಿಲ್ಲ. ಹಲಗೆಯನ್ನೂ ಇಟ್ಟಿಗೆಯನ್ನೂ ಕಣ್ಣಾರೆ ನೋಡಿದರೂ ನಂಬಲಿಲ್ಲ. ಕಂಡ ಮೊದಲ ನೋಟ ಅವಳನ್ನು ಬಿಡಲಿಲ್ಲ. ಅಣ್ಣನಿಗೆ ಫೋನು ಹೋಯಿತು. ಅಣ್ಣ ಬೆರಳೆತ್ತಿ ತೀರ್ಮಾನ ಮಾಡಿದ, ಇನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಬಿದ್ದ ರಭಸಕ್ಕೆ ಅತ್ತೆಯ ಪಾದ ಉಳುಕಿ ಊದಿಕೊಂಡಿತ್ತು. ಇಲ್ಲದಿದ್ದರೆ ಅವಳನ್ನು ಹೊರಡಿಸಲು ಯಾರಪ್ಪನಿಂದಲೂ ಆಗುತ್ತಿರಲಿಲ್ಲ.

ಕಿಡಿಯ ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಕಿಟಕಿ. ಗಂಡ ತೀರಿಕೊಂಡು, ಮಗಳು ಮದುವೆಯಾಗಿ ಹೋದ ಮೇಲೆ ಅವಳೂ ಒಂಟಿಯೇ, ಆದರೆ ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಮೊದಲ ವಾರ ಕನಸಿನ ಹಾಗಿತ್ತು. ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ದೀಪ ಹತ್ತಿರುತ್ತಿತ್ತು. ಅತ್ತೆ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿರುತ್ತಿದ್ದಳು, ಸಂಜೆಯ ಕೆಂಪು ಅವಳ ಬಿಳಿ ಕೂದಲಿಗೆ ಬಡಿದು ಒಂದು ಕ್ಷಣ ನೆತ್ತಿಯೇ ಉರಿಯುತ್ತಿದೆಯೇನೋ ಅನ್ನಿಸುತ್ತಿತ್ತು. ಕಿಡಿ ಅವಳ ಪಾದಕ್ಕೆ ಎಣ್ಣೆ ತಿಕ್ಕುವಳು. ಅತ್ತೆಯ ಬೆರಳುಗಳು ಸುಮ್ಮನಿರುತ್ತಿರಲಿಲ್ಲ, ಇಲ್ಲದ ನಾರನ್ನು ಬಿಡುತ್ತಲೇ ಇರುತ್ತಿದ್ದವು. "ಇಲ್ಲೇ ಇರು ಅತ್ತೆ" ಎನ್ನುವಳು ಕಿಡಿ, ಮೆತ್ತಗೆ. ಅತ್ತೆ ಹೂಂ ಎನ್ನಳು, ಊಹೂಂ ಎನ್ನಳು.

ಪಾದ ಇಳಿದ ಮೇಲೆ ಶುರುವಾಯಿತು. ಮೊದಲು ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಮತ್ತೆ ಹೊಸೆದಳು. ಅದು ಸರಿ. ಆಮೇಲೆ ದಿಂಬಿನ ಅಂಚಿನ ದಾರ. ಆಮೇಲೆ ಗೋಣಿಚೀಲ ಬಿಚ್ಚಿ ಬಚ್ಚಲಿನ ಚಿಲಕಕ್ಕೆ ಎಳೆ ಸಿಕ್ಕಿಸಿಕೊಂಡು ಮನೆಯಾಚೆಗೂ ಹಿಂದೆ ಹಿಂದೆ ನಡೆದು, ಹೊರಗಿನ ಮೊಗಸಾಲೆಯಲ್ಲಿ ತರಕಾರಿ ಹಿಡಿದು ಬರುತ್ತಿದ್ದ ಎದುರುಮನೆಯ ಸಂಗೀತದ ಟೀಚರಿಗೆ ಡಿಕ್ಕಿ ಹೊಡೆದಳು. ಮೂರು ಮಹಡಿ ಮೆಟ್ಟಿಲ ಮೇಲೆ ಟೊಮೇಟೊ ಉರುಳಿತು. ಕಿಡಿ ಎಲ್ಲರ ಹತ್ತಿರ ತಪ್ಪಾಯಿತು ಎಂದಳು. ಜನ್ಮದಲ್ಲಿ ಅಷ್ಟು ಸಲ ಆ ಮಾತು ಹೇಳಿದವಳಲ್ಲ. ಹಲ್ಲು ಕಚ್ಚಿಕೊಂಡು, ರಾತ್ರಿ ಊಟಕ್ಕೆ ಬಡಿಸುವಾಗ ಮತ್ತೆ, "ಇರು ಅತ್ತೆ, ನಿನ್ನ ಮನೇನೇ ಇದು" ಎಂದಳು.

ಇಪ್ಪತ್ತೆರಡನೆಯ ದಿನ ಆಸ್ಪತ್ರೆಯಲ್ಲಿ ಯಾರೋ ಬಣ್ಣ ಬಿಡುವ ಸೀರೆಯನ್ನು ಬಿಳಿ ಹಾಸುಗಳ ಜೊತೆ ಹಾಕಿ ಇನ್ನೂರು ಹಾಸು ಗುಲಾಬಿಯಾಗಿದ್ದವು. ಆ ತಲೆಬಿಸಿ ಹೊತ್ತುಕೊಂಡು ಕಿಡಿ ಮನೆಗೆ ಬಂದರೆ, ಮಗಳು ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದ ನೆಲಹಾಸು ನೆಲದ ಮೇಲಿರಲಿಲ್ಲ. ಕೆಂಪು ಹಸಿರು ದಾರದ ಗುಡ್ಡೆಯಾಗಿ ಅತ್ತೆಯ ಸೊಂಟದಲ್ಲಿತ್ತು. ಅತ್ತೆ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು, ಕಾಯುತ್ತಿದ್ದವಳ ಹಾಗೆ.

ಕಿಡಿಗೆ ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಹೋಗು. ಹಾಳಾಗಿ ಹೋಗು ನಿನ್ನ ಶೆಡ್ಡಿಗೆ. ಆ ಹಗ್ಗದ ಜೊತೇನೇ ಸಾಯಿ. ನಾನು ಮತ್ತೆ ಕರೆಯೋಕೆ ಬಂದ್ರೆ ಕೇಳು."

ಅತ್ತೆ ದಾರದ ಗುಡ್ಡೆ ಕೆಳಗಿಟ್ಟು ಎದ್ದಳು. ಚಪ್ಪಲಿ ಮೆಟ್ಟಿದಳು, ಚೀಲ ಹೆಗಲಿಗೇರಿಸಿದಳು. ಅವತ್ತೊಂದು ದಿನ ಅವಳೂ ಎಲ್ಲರ ಹಾಗೆ ಬೆನ್ನು ತೋರಿಸಿಯೇ ಮೆಟ್ಟಿಲಿಳಿದು ಹೋದಳು.

ಮುಂದಿನ ಭಾನುವಾರ ಕಿಡಿ ಶೆಡ್ಡಿಗೆ ಹೋದಾಗ ಅತ್ತೆ, "ರಾಟೆ ಹಿಡಿ, ಮೋಟಾರು ಬಿಸಿಯಾಗಿದೆ" ಎಂದಳು, ಅಷ್ಟೇ. ಆಮೇಲೆ ಪ್ರತಿ ಭಾನುವಾರವೂ ಕಿಡಿ ರಾಟೆ ಹಿಡಿದಳು. ಪ್ರತಿ ಸಲವೂ ಕ್ಷಮಿಸು ಎನ್ನುವುದು ನಾಲಗೆಯ ತನಕ ಬಂದು ಅಲ್ಲೇ ಕೂತುಬಿಡುತ್ತಿತ್ತು. ಮುಂದಿನ ವಾರ ಹೇಳಿದರಾಯಿತು ಎಂದುಕೊಳ್ಳುತ್ತಲೇ ವಾರಗಳು ಮುಗಿದುಹೋದವು.

"ಅಕ್ಕ."

ಕಿಡಿ ಬೆಚ್ಚಿ ಈ ಲೋಕಕ್ಕೆ ಬಂದಳು. ಬಾಗಿಲಲ್ಲಿ ಅತ್ತೆಯ ಹಗ್ಗ ಒಯ್ಯುತ್ತಿದ್ದ ಪೇಂಟರ್ ನಿಂತಿದ್ದ. ನಲವತ್ತರ ಆಳು, ಹುಬ್ಬಿನ ಮೇಲೆ ನೀಲಿ ಬಣ್ಣದ ಚುಕ್ಕೆ. ಅತ್ತೆಯನ್ನು ಆ ಬೆಳಿಗ್ಗೆ ಮೊದಲು ನೋಡಿದ್ದು ಅವನೇ, ಮೋಟಾರು ನಿಲ್ಲಿಸಿದ್ದೂ ಅವನೇ.

"ಏನಾದ್ರೂ ಹೊತ್ತು ಇಳಿಸೋದಿದ್ರೆ ಹೇಳಿ. ಇವತ್ತು ಕೆಲಸಕ್ಕೆ ಹೋಗಿಲ್ಲ" ಎಂದ. ಆಮೇಲೆ ಬಾಗಿಲಾಚೆ ನೋಡಿ, "ನಿಮ್ಮಣ್ಣ ಹೊರಗೆ ಹೇಳ್ತಿದ್ರು, ನೀವು ಕಳಿಸಿದ್ದಕ್ಕೇ ಅಜ್ಜಿ ಹೋದ್ರು ಅಂತ. ನೀವು ಅದನ್ನೆಲ್ಲ ಕಿವಿ ಮೇಲೆ ಹಾಕೋಬೇಡಿ."

"ನಿನಗೇನು ಗೊತ್ತು?" ಕಿಡಿಯ ದನಿ ಒರಟಾಯಿತು. "ನಾನೇನು ಅಂದಿದ್ದೆ ಅಂತ ಗೊತ್ತಾ ನಿನಗೆ?"

"ಗೊತ್ತು. ಹಗ್ಗದ ಜೊತೇನೇ ಸಾಯಿ ಅಂದ್ರಿ."

ಕಿಡಿ ರಾಟೆಯ ಕಂಬ ಹಿಡಿದುಕೊಂಡಳು. ಹಾಗಾದರೆ ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಅತ್ತಿದ್ದಾಳೆ.

ಪೇಂಟರ್ ನಗುತ್ತಿದ್ದ. ನಗು ಬರಬಾರದ ಕಡೆ ಬಂದುಬಿಟ್ಟಿತಲ್ಲ ಎನ್ನುವ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

"ಅವತ್ತು ಅಜ್ಜಿ ಬಸ್ಸಿಳಿದಾಗ ನಾನು ಅಲ್ಲೇ ಇದ್ದೆ ಅಕ್ಕ. ಚೀಲ ಇಸ್ಕೊಂಡೆ. ದಾರಿಯೆಲ್ಲ ನಗ್ತಾನೇ ಬಂದ್ಲು. 'ಇಪ್ಪತ್ತೆರಡು ದಿನ ಹಿಡೀತು ಕಣೋ. ಗಟ್ಟಿ ನಾರು ಅದು. ಎಷ್ಟು ಹುರಿ ಕೊಟ್ರೂ ತಿರುಗ್ತಾನೇ ಇರ್ಲಿಲ್ಲ' ಅಂದ್ಲು."

"ಯಾರು ತಿರುಗ್ತಿರಲಿಲ್ಲ?"

"ನೀವು."

ಕಿಡಿ ಅವನನ್ನೇ ನೋಡಿದಳು.

"ನಾನೂ ಕೇಳ್ದೆ" ಎಂದ ಅವನು. "ಅಷ್ಟು ಕಷ್ಟ ಯಾಕೆ, ಬಾಗಿಲು ತೆಗೆದು ಬರೋದಲ್ವಾ ಅಂತ. 'ನಾನಾಗಿ ಬಂದ್ರೆ ಅಣ್ಣ ತಂಗಿ ಇಬ್ರೂ ಸೇರ್ಕೊಂಡು ಮತ್ತೆ ಎತ್ಕೊಂಡು ಹೋಗ್ತಾರೆ ಕಣೋ. ಅವಳ ಬಾಯಿಂದಲೇ ಹೋಗು ಅಂತ ಬರ್ಬೇಕು, ಆಗ ಕರೆಯೋಕೆ ಯಾರಿಗೂ ಮುಖ ಇರಲ್ಲ' ಅಂದ್ಲು. ಆಮೇಲೆ ಇನ್ನೊಂದು ಮಾತು ಹೇಳಿದ್ಲು. ಹೇಳ್ಲಾ?"

"ಹೇಳು."

"'ಸಂಜೆ ಕಾಲಿಗೆ ಎಣ್ಣೆ ತಿಕ್ಕಿ, ಇರು ಅತ್ತೆ ಅಂತಾಳೆ. ಆ ಮಾತಿಗೆ ಕಾಲು ಅಲ್ಲೇ ಬೇರು ಬಿಡ್ತಿತ್ತು. ಇನ್ನೊಂದು ವಾರ ಹಾಗೇ ಅಂದಿದ್ರೆ ನಾನು ಇದ್ದೇಬಿಡ್ತಿದ್ದೆ, ಅದಕ್ಕೇ ನೆಲಹಾಸಿಗೆ ಕೈ ಹಾಕ್ದೆ' ಅಂತ."

ಹೊರಗೆ ಗಾಡಿಯ ಹಾರ್ನು ಕೇಳಿಸಿತು. ಕಿಡಿಗೆ ಅದು ಬಹಳ ದೂರದ ಯಾವುದೋ ಬೀದಿಯಲ್ಲಿ ಕೇಳಿಸಿದಂತಿತ್ತು. ಇವನು ನನ್ನ ಸಮಾಧಾನಕ್ಕೆ ಕಟ್ಟಿ ಹೇಳುತ್ತಿದ್ದಾನೋ ಎಂದು ಒಂದು ಗಳಿಗೆ ಯೋಚಿಸಿದಳು. ಆದರೆ ಗಟ್ಟಿ ನಾರು ಎನ್ನುವ ಮಾತು ಬಣ್ಣ ಬಳಿಯುವವನಿಗೆ ಹೊಳೆಯುವುದಲ್ಲ. ಮೆಚ್ಚುಗೆ ಹೇಳುವಾಗ ಅತ್ತೆ ಬಳಸುತ್ತಿದ್ದುದು ಅದೊಂದೇ ಮಾತು, ಅದೂ ನಾರಿಗೆ ಮಾತ್ರ, ಮನುಷ್ಯರಿಗೆ ಎಂದೂ ಬಳಸಿದ್ದಿಲ್ಲ.

"ಸಾಯಿ ಅಂದಿದ್ದಕ್ಕೆ?" ಎಂದಳು. "ಅದಕ್ಕೇನಂದ್ಲು?"

"'ಬೈಯೋಕೂ ಬರಲ್ಲ ಕಣೋ ಅದಕ್ಕೆ, ಆಶೀರ್ವಾದ ಮಾಡಿ ಕಳಿಸ್ತು' ಅಂದ್ಲು."

ಕಿಡಿಗೆ ಮೊದಲು ಬಂದದ್ದು ಸಿಟ್ಟು. ಹನ್ನೊಂದು ತಿಂಗಳು. ನಲವತ್ತಕ್ಕೂ ಹೆಚ್ಚು ಭಾನುವಾರ ಎದುರೆದುರು ಕೂತು, ತಾನು ಒಳಗೊಳಗೇ ಬೇಯುತ್ತಿದ್ದುದನ್ನು ನೋಡುತ್ತಾ, ಒಂದು ಮಾತು ಬಿಟ್ಟುಕೊಡಲಿಲ್ಲವಲ್ಲ ಮುದುಕಿ. ನೂರ ಹದಿನೆಂಟು ಹೆಜ್ಜೆ ದೂರದಿಂದ ಮುಖ ನೋಡುತ್ತಾ ನಿಂತು, ನನ್ನನ್ನೇ ಹೊಸೆದು ಹಾಕಿದಳಲ್ಲ. ಅವಳು ರಾಟೆಯ ಕಂಬಕ್ಕೆ ಅಂಗೈಯಿಂದ ಒಂದು ಏಟು ಹಾಕಿದಳು. ಕೈ ನೊಂದಿತು. ಆಮೇಲೆ ಅವಳಿಂದ ಒಂದು ಸದ್ದು ಹೊರಬಂತು, ಅದು ಅಳುವೋ ನಗುವೋ ಎಂದು ಪೇಂಟರಿಗೆ ತಿಳಿಯಲಿಲ್ಲ. ಅವನು ಮರ್ಯಾದೆಯಿಂದ ಸೂರು ನೋಡುತ್ತಾ ನಿಂತ. ಸೂರಿನ ತೂತುಗಳಿಂದ ಇಳಿದಿದ್ದ ಬಿಸಿಲು ಈಗ ನೆಲ ಬಿಟ್ಟು ಗೋಡೆಗೆ ಏರಿತ್ತು. ಉದ್ದನೆಯ ಶೆಡ್ಡು ಬೆಳಕಿನಲ್ಲಿ ಇನ್ನಷ್ಟು ಉದ್ದವಾಗಿ ಕಾಣುತ್ತಿತ್ತು.

ಅಣ್ಣ ಒಳಗೆ ಬಂದ. ತಂಗಿಯ ಮುಖ ನೋಡಿ ಅವನ ದನಿ ತಗ್ಗಿತು.

"ಆಗ ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡ ಕಣೇ. ನಾನೂ ಒಂದು ಸಲ ಬಾ ಅಂತ ಕರೀಬೇಕಿತ್ತು. ಕರೀಲಿಲ್ಲ. ಆ ಸಂಕಟಕ್ಕೆ ನಿನ್ನ ಮೇಲೆ ಹಾರಾಡ್ದೆ."

"ಅವಳೇ ಹೋದಳು ಅಂದೆನಲ್ಲ ಅಣ್ಣ, ಅದು ಸುಳ್ಳು" ಎಂದಳು ಕಿಡಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ನಾನೇ ಬೈದು ಓಡಿಸಿದ್ದು. ಬಾಯಿಗೆ ಬಂದ ಹಾಗೆ ಬೈದೆ. ಆದ್ರೆ ಬೇಕಂತಲೇ ಬೈಸಿಕೊಂಡಿದ್ದು ಅವಳು."

"ಅಂದ್ರೆ?"

"ಕೂತ್ಕೊಂಡು ಹೇಳ್ಬೇಕು ಅದನ್ನ. ಗಾಡಿಯವನು ಕಾಯ್ತಿದಾನೆ, ಮೊದಲು ಇದರ ಆ ಕಡೆ ಹಿಡಿ."

"ರಾಟೆ ಎಲ್ಲಿಗೆ ಒಯ್ಯೋಣ? ನಮ್ಮನೇಲಿ ಹಜಾರದಲ್ಲಿ ಇಡಬಹುದು."

"ನಮ್ಮನೆಗೆ. ಮೂರನೇ ಮಹಡಿ. ಎಲ್ಲಿ ಇಡೋದು ಅಂತ ಹತ್ತಿದ ಮೇಲೆ ನೋಡೋಣ."

ಅಣ್ಣ ಪಂಚೆ ಎತ್ತಿ ಕಟ್ಟಿದ. ಪೇಂಟರ್ ನಡುವೆ ಹೆಗಲು ಕೊಟ್ಟ. ಕಿಡಿ ಈ ತುದಿ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆದಳು. ರಾಟೆ ನೆನೆದ ಮರದ ಹಾಗೆ ಭಾರವಾಗಿತ್ತು. "ಮೆಲ್ಲಗೆ ಅಕ್ಕ, ಹೊಸ್ತಿಲಿದೆ" ಎಂದ ಪೇಂಟರ್. "ನಂಗೊತ್ತು ನಡಿಯೋ" ಎಂದು ಗದರಿದಳು ಕಿಡಿ.